ನಿಧಾನವಾಗಿ ತುಂಬುವ ಕಂಬದ ಪರವಾಗಿ

ವಿದ್ಯುತ್ ಕಾರುಗಳ ಆದಿಪುರುಷರೂ, ಹೊಗೆಯಿಲ್ಲದ ಲೋಕದ ಮೊದಲ ಕನಸುಗಾರರೂ, ಇತ್ತೀಚೆಗೆ ಮಾರಾಟದಲ್ಲಿ ಮೂರನೆಯ ಸ್ಥಾನವನ್ನು ತುಂಬು ವಿನಯದಿಂದ ಸ್ವೀಕರಿಸಿದವರೂ ಆದ ಕಂಪನಿಯ ಅಧ್ಯಕ್ಷರಿಗೆ, ತಮ್ಮ ಮೊಟ್ಟಮೊದಲ ಕಾರುಗಳನ್ನು ಕೊಂಡು ಬಾಡಿಗೆಗೆ ಓಡಿಸುವ ಚಾಲಕರ ಸಂಘದ ನಮಸ್ಕಾರಗಳು.

ಮಾನ್ಯರೇ,

ತಾವು ಕೊಟ್ಟ ಮಾತು ಇದು: ಮೊದಲು ನಂಬಿದವರನ್ನು ಕೊನೆಯವರೆಗೂ ಕೈಬಿಡುವುದಿಲ್ಲ. ಈ ಕಾರು ಓಡುವಷ್ಟು ಕಾಲ ಇದಕ್ಕೆ ಹೊಂದುವ ಚಾರ್ಜಿಂಗ್ ಕಂಬ ನಮ್ಮ ಬೀದಿಯಲ್ಲೇ ಇರುತ್ತದೆ. ಕಂಬದ ಪಕ್ಕ ನೆರಳು, ಬೆಂಚು, ಶೌಚಾಲಯ ಬರುತ್ತವೆ. ತಾವು ಕೊಡದೆ ಉಳಿಸಿಕೊಂಡದ್ದು: ನೆರಳು, ಬೆಂಚು, ಶೌಚಾಲಯ. ಈಗ ಕಂಬವೂ ಆ ಸಾಲಿಗೆ ಸೇರಿದೆ. 'ಮಾರುಕಟ್ಟೆಯ ಬದಲಾದ ಪರಿಸ್ಥಿತಿಯಲ್ಲಿ' ಅದನ್ನು ಬರುವ ಗುರುವಾರ ಕಿತ್ತು ಒಯ್ಯಲಾಗುವುದೆಂದೂ, ನಮಗಾಗುವ ತೊಂದರೆಗೆ ತಾವು ವಿಷಾದಿಸುತ್ತೀರೆಂದೂ ಅದರ ಮೈಮೇಲೆ ಚೀಟಿ ಅಂಟಿಸಿದ್ದೀರಿ. ವಿಷಾದವಾದರೂ ಹೇಳಿದ ವೇಳೆಗೆ ಬಂದು ಮುಟ್ಟಿತಲ್ಲ, ಅದಕ್ಕೆ ಕೃತಜ್ಞರು.

ಬದಲಾದ ಪರಿಸ್ಥಿತಿ ಎಂದರೇನೆಂದು ನಮಗೂ ಕಾಣುತ್ತಿದೆ. ಎದುರಿಗೊಂದು ಗಾಜಿನ ಷೋರೂಮು ಎದ್ದಿತು, ಮೂಲೆಯಲ್ಲಿ ಇನ್ನೊಂದು; ಅವರ ಕಾರು ತಮ್ಮದಕ್ಕಿಂತ ಅಗ್ಗ, ತಮ್ಮದಕ್ಕಿಂತ ದೂರ ಓಡುತ್ತದೆ, ಬೇಸಿಗೆಯಲ್ಲಿ ಸೀಟೇ ಕೂತವರ ಬೆನ್ನು ತಂಪು ಮಾಡುತ್ತದಂತೆ. ಅವರ ಕಂಬಗಳಲ್ಲಿ ಯಾರ ಕಾರನ್ನಾದರೂ ತುಂಬಿಸಬಹುದು, ತಮ್ಮದನ್ನು ಬಿಟ್ಟು. ಏಕೆಂದರೆ ಲೋಕಕ್ಕೆಲ್ಲ ತಾವೇ ಒಡೆಯರಾಗಿದ್ದ ಆ ಚಿನ್ನದ ದಿನಗಳಲ್ಲಿ ಬೇರೆ ಯಾರಿಗೂ ಹೊಂದದ ಚಾರ್ಜಿಂಗ್ ಪ್ಲಗ್ಗಿನ ಕೊಂಡಿಯೊಂದನ್ನು ತಾವು ರೂಪಿಸಿದಿರಿ. ಆ ಕೊಂಡಿಯ ಗಟ್ಟಿತನದ ಬಗ್ಗೆ ಎರಡು ಮಾತಿಲ್ಲ. ತಮ್ಮ ಕಾರು ಒಮ್ಮೆ ಕೊಂಡಿಯನ್ನು ಕಚ್ಚಿದರೆ ಒಳಗಿನಿಂದ ಬೀಗ ಬಿದ್ದು, ಮಾಲೀಕರು ತಾವಾಗಿ ತೆಗೆಯುವವರೆಗೆ ಬಿಡುವುದಿಲ್ಲ. ಹೋದ ವರ್ಷ ಕಂಬದ ರಿಪೇರಿಗೆ ಬಂದ ತಮ್ಮ ಇಂಜಿನಿಯರೇ ಕಾರಿಗೆ ಕಾಲು ಕೊಟ್ಟು ಎಳೆದು ಸೋತು, ಕಾರಿನ ಒಡತಿ ಊಟ ಮುಗಿಸಿ ಬರುವವರೆಗೆ ರಸ್ತೆಯಂಚಿನಲ್ಲಿ ನಮ್ಮ ಪಕ್ಕದಲ್ಲೇ ಕೂತಿದ್ದರು.

ಆ ರಸ್ತೆಯಂಚಿನ ವಿಷಯವನ್ನೇ ತಮ್ಮ ಗಮನಕ್ಕೆ ತರಬೇಕಿದೆ. ತಮ್ಮ ಕಾರು ಕೊಂಡಾಗ ಪೆಟ್ರೋಲ್ ಗಾಡಿಯವರು "ಏನಣ್ಣಾ, ಮಿಕ್ಸಿ ಮೇಲೆ ಕೂತ್ಕೊಂಡ್ ಬಂದ್ಯಾ?" ಎಂದು ಹಲ್ಲು ಕಿಸಿದರು. ನಾವೂ ಹಿಂದೆ ಪೆಟ್ರೋಲಿನವರೇ. ಟ್ಯಾಂಕು ತುಂಬಿಸಿ ಹೊರಟರೆ ಪಕ್ಕದ ಚಾಲಕನ ಮುಖ ನೋಡಲೂ ಪುರುಸೊತ್ತಿರಲಿಲ್ಲ. ತಮ್ಮ ಕಂಬ ಬಂದು ನಮ್ಮನ್ನು ಕೂರಿಸಿತು. ಒಂದು ಕಾರು ತುಂಬಬೇಕಾದರೆ ಮಧ್ಯಾಹ್ನ ಪೂರ್ತಿ ಸವೆಯಬೇಕು. ಕೂತವರು ಎಷ್ಟು ಹೊತ್ತು ಕ್ರಿಕೆಟ್ ಮಾತಾಡಿಯಾರು? ಮೊದಲು ಮೊಣಕಾಲ ನೋವಿನ ಮಾತು ಬಂತು, ಆಮೇಲೆ ವಿಮಾನ ನಿಲ್ದಾಣದವರು ನಮಗೆ ಶೌಚಾಲಯದ ಬಾಗಿಲು ಮುಚ್ಚಿದ ಮಾತು, ಆಮೇಲೆ ಸಂಘ. ಇಂದಿಗೂ ನಮ್ಮ ಸಭೆ ಕೊಂಡಿ ಸಿಕ್ಕಿಸಿದಾಗ ಶುರುವಾಗಿ ಹಸಿರು ದೀಪ ಹತ್ತಿದಾಗ ಮುಗಿಯುತ್ತದೆ. ಯಾರ ಕಾರು ಕಂಬಕ್ಕೆ ಕಟ್ಟಿದೆಯೋ ಅವರೇ ಆ ದಿನದ ಅಧ್ಯಕ್ಷರು. ವಿಮಾನ ನಿಲ್ದಾಣದ ಆ ಬಾಗಿಲನ್ನು ನಾವು ತೆರೆಸಿದ್ದು ಈ ಕಂಬದ ಕೆಳಗೆ ಕೂತೇ. ಎದುರಿನ ಕಂಬದಲ್ಲಿ ಟೀ ಆರುವ ಮುಂಚೆ ಕಾರು ತುಂಬುತ್ತದೆ; ಅಲ್ಲಿನ ಚಾಲಕರು ಕೊಂಡಿ ಸಿಕ್ಕಿಸುತ್ತಾರೆ, ಫೋನು ನೋಡುತ್ತಾರೆ, ಹೋಗುತ್ತಾರೆ. ಅಷ್ಟು ಚುರುಕಾದ ಕಂಬದ ಕೆಳಗೆ ಯಾವ ಚಳವಳಿ ಹುಟ್ಟೀತು? ದುಡಿಯುವವರನ್ನು ಒಂದುಗೂಡಿಸಿದ ಕೀರ್ತಿ, ತಾವು ಬೇಡವೆಂದರೂ, ತಮ್ಮ ನಿಧಾನಕ್ಕೇ ಸಲ್ಲಬೇಕು.

ಇನ್ನು ನಾವೆಲ್ಲ ಅತ್ತಿಗೆ ಎಂದು ಕರೆಯುವ ಚಾಲಕಿಯ ವಿಷಯ. ತಮ್ಮ ಇಂಜಿನಿಯರನ್ನು ಊಟದವರೆಗೆ ಕಾಯಿಸಿದವಳು ಇವಳೇ. ಡಯಾಲಿಸಿಸ್‌ಗೆ ಹೋಗಿಬರುವ ರೋಗಿಗಳನ್ನು ಕರೆದೊಯ್ಯುತ್ತಾಳೆ. ಸುಸ್ತಾದ ಜೀವಗಳಿಗೆ ಅಲುಗಾಟವಿಲ್ಲದ ಈ ಕಾರೇ ಬೇಕು. ಈ ಕಂಬ ಹೋದರೆ ಹೊಂದುವ ಇನ್ನೊಂದು ಕಂಬ ಇರುವುದು ಊರಿನ ಆ ತುದಿಯಲ್ಲಿ. ಹೋಗಿ ತುಂಬಿಸಿಕೊಂಡು ಬರುವಷ್ಟರಲ್ಲಿ ತುಂಬಿಸಿದ್ದರಲ್ಲಿ ಅರ್ಧ ಖಾಲಿ. "ಅಣ್ಣಾ, ನಾನೇನ್ ಪೇಶೆಂಟ್ ಕರ್ಕೊಂಡ್ ಹೋಗ್ಲಾ, ಇಲ್ಲ ಈ ಕಾರ್‌ನ ದಿನಾ ತವರುಮನೆಗೆ ಕರ್ಕೊಂಡ್ ಹೋಗಿ ಬರ್ಲಾ?" ಎಂದು ಅವಳು ಸಭೆಯಲ್ಲಿ ಕೇಳಿದ ಪ್ರಶ್ನೆಯನ್ನು ನಡಾವಳಿಯಲ್ಲಿ ಬರೆದುಕೊಂಡಿದ್ದೇವೆ. ತಮ್ಮಲ್ಲಿ ಉತ್ತರವಿದ್ದರೆ ದಯಮಾಡಿ ಕಳುಹಿಸಿ.

ಹೋರಾಟ ಮಾಡಿ ನೋಡಿದೆವು. ತಮ್ಮ ಪ್ರಧಾನ ಕಚೇರಿಗೆ ಕಾರುಗಳ ಮೆರವಣಿಗೆ ಹೊರಟೆವು. ಪಕ್ಕದಲ್ಲಿ ಆಸ್ಪತ್ರೆ ಇದೆಯೆಂದು ಹಾರ್ನ್ ಹೊಡೆಯಬಾರದು, ಘೋಷಣೆ ಕೂಗಬಾರದು ಎಂದು ಶಿಸ್ತಿನಿಂದ ನಿರ್ಣಯಿಸಿದ್ದೆವು. ಕಾರುಗಳಿಗಂತೂ ಮೊದಲೇ ಬಾಯಿಲ್ಲ. ಮಧ್ಯಾಹ್ನದವರೆಗೆ ಕಚೇರಿಯನ್ನು ಸುತ್ತಿದೆವು. ಒಂದು ಕಿಟಕಿಯೂ ತೆರೆಯಲಿಲ್ಲ. ಕೊನೆಗೆ ತೆರೆದದ್ದು ತಮ್ಮ ಪ್ರಚಾರಾಧಿಕಾರಿಯ ಕಿಟಕಿ, ಅದೂ ಫೋಟೋ ತೆಗೆಯಲು. ಮರುವಾರ ಅದೇ ಮೆರವಣಿಗೆ 'ನಮ್ಮ ಕುಟುಂಬ ದೊಡ್ಡದು' ಎಂಬ ಜಾಹೀರಾತಾಗಿ ಸರ್ಕಲ್ಲಿನ ಫಲಕ ಏರಿತು! ಅದರಲ್ಲಿ ಕಾರಿನ ಕಿಟಕಿಯಿಂದ ಮುಷ್ಟಿ ಎತ್ತಿರುವವಳು ಅತ್ತಿಗೆ. ಅವಳ ಅತ್ತೆ ಅದನ್ನು ನೋಡಿ, "ಫೋಟೋದಲ್ಲಿ ಚೆನ್ನಾಗ್ ಬಿದ್ದಿದೀಯ ಕಣೇ, ಟಾಟಾ ಮಾಡೋವಾಗ ಬೆರಳು ಬಿಡಿಸ್ಬಾರ್ದಿತ್ತಾ?" ಎಂದರಂತೆ. ಧಿಕ್ಕಾರವನ್ನು ಟಾಟಾ ಮಾಡಿಬಿಟ್ಟ ತಮ್ಮ ಪ್ರಚಾರ ವಿಭಾಗಕ್ಕೆ ಸಂಘದ ಅಭಿನಂದನೆಗಳು.

ಬೇಡಿಕೆ ದೊಡ್ಡದೇನಲ್ಲ. ಕಂಬ ಉಳಿಸಿ. ಅದಾಗದಿದ್ದರೆ ನಮ್ಮ ಕಾರುಗಳು ಎದುರಿನವರ ಕಂಬದಲ್ಲೂ ತುಂಬುವಂತೆ ಅಂಗೈಯಗಲದ ಒಂದು ಜೋಡುಕೊಂಡಿ ಮಾಡಿಕೊಡಿ. ರಸ್ತೆಯಂಚಿನಲ್ಲಿ ಕೂತಿದ್ದ ದಿನ ತಮ್ಮ ಇಂಜಿನಿಯರೇ ಹೇಳಿದರು: "ಮಾಡೋದೇನ್ ಕಷ್ಟ ಇಲ್ಲ ಸಾರ್. ಆದ್ರೆ ಅದ್ ಮಾಡಿದ್ರೆ ಎದುರಿನವ್ರಿಗೆ ಸೋತಂಗೆ ಅಂತಾರೆ ಮೇಲಿನವ್ರು." ಮಾನ್ಯರೇ, ಸೋಲು ಅಷ್ಟು ಕೆಟ್ಟದ್ದಲ್ಲ, ನಾವು ಅದರಲ್ಲೇ ಬದುಕಿ ಬಂದವರು, ಬೇಕಾದರೆ ತಮಗೂ ಅಭ್ಯಾಸ ಮಾಡಿಸುತ್ತೇವೆ. ಎರಡೂ ಸಾಧ್ಯವಿಲ್ಲವೆಂದಾದರೆ, ತಮ್ಮ ಪೈಪೋಟಿದಾರರು ಇನ್ನು ಮುಂದೆ ತಮ್ಮಷ್ಟೇ ನಿಧಾನವಾಗಿರುವಂತೆ ಅವರ ಮನವೊಲಿಸಿ. ಅಥವಾ ಅತ್ತಿಗೆಯ ರೋಗಿಗಳನ್ನು ತಾವೇ ಹೆಗಲ ಮೇಲೆ ಹೊತ್ತೊಯ್ಯಿರಿ, ದಾರಿಯಲ್ಲಿ ಅಲುಗಾಡಿಸಬೇಡಿ ಅಷ್ಟೆ. ಮುಂದೆ ಓಡುವಾಗ ತಮಗೆ ಹಿಂದೆ ತಿರುಗಿ ನೋಡಲು ಪುರುಸೊತ್ತಿರಲಿಲ್ಲ. ಈಗ ಹಿಂದೆ ಬಿದ್ದಿದ್ದೀರಿ. ಪಕ್ಕಕ್ಕೆ ತಿರುಗಿದರೆ ಸಾಕು, ನಾವು ಇಲ್ಲೇ ಇದ್ದೇವೆ.

ಕಂಬ ಕೀಳುವವರ ಮೇಲೆ ನಮಗೆ ಸಿಟ್ಟಿಲ್ಲ, ಅವರೂ ದುಡಿಯುವವರು. ಅವರು ಬರುವ ಮುಂಚೆ ಅತ್ತಿಗೆ ತನ್ನ ಕಾರಿಗೆ ಕೊಂಡಿ ಸಿಕ್ಕಿಸಿ, ಬೀಗ ಹಾಕಿ, ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು ಅಧ್ಯಕ್ಷತೆ ವಹಿಸುವಳೆಂದು ಸಂಘ ಸರ್ವಾನುಮತದಿಂದ ನಿರ್ಣಯಿಸಿದೆ. ಕರೆಂಟು ಕಡಿದರೂ ಕೊಂಡಿ ಬಿಡುವುದಿಲ್ಲವೆಂದು ತಮ್ಮದೇ ಕೈಪಿಡಿ ಹೆಮ್ಮೆಯಿಂದ ಹೇಳುತ್ತದೆ. ಕರೆಂಟಿಲ್ಲದೆ ಹಸಿರು ದೀಪ ಹತ್ತುವುದಿಲ್ಲ. ಹಸಿರು ದೀಪ ಹತ್ತದೆ ನಮ್ಮ ಸಭೆ ಮುಗಿಯುವುದಿಲ್ಲ.

ತಮ್ಮ ಮೊದಲ ಗಿರಾಕಿಯೂ ಕೊನೆಯ ವಿಶ್ವಾಸಿಯೂ ಆದ,
ಸಂಘದ ಕಾರ್ಯದರ್ಶಿ

ಮರೆತ ಮಾತು: ಸಭೆಗೆ ಶಾಮಿಯಾನ, ಕುರ್ಚಿ ಒದಗಿಸುವುದಾಗಿ ಎದುರಿನ ಷೋರೂಮಿನವರು ಬಹಳ ಪ್ರೀತಿಯಿಂದ ಹೇಳಿ ಕಳಿಸಿದ್ದಾರೆ. ನಾವು ಬೇಡವೆಂದೆವು. ತಾವು ಮಾತು ಕೊಟ್ಟ ಬೆಂಚು ಇನ್ನೂ ಬರಬೇಕಿದೆಯಲ್ಲ, ಬರುವಾಗ ತಾವೇ ಹೊತ್ತು ತನ್ನಿ. ಸಭೆ ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ, ಕಂಬದ ಬುಡದಲ್ಲಿ.