ಹಳೆ ಸೆನ್ಸರಿಗೆ ಹೊಸ ಪ್ಯಾನೆಲ್

ಇಪ್ಪತ್ತು ಪ್ಯಾನೆಲ್ ಒಟ್ಟಿಗೆ ದುಡ್ಡು ಕೊಟ್ಟು ಎತ್ತಿದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೂ ತಾಲ್ಲೂಕಿನ ಏಜೆನ್ಸಿ ನನಗೆ. ಮೈಸೂರಿನ ಹೋಲ್‌ಸೇಲ್‌ನವರು ಇಟ್ಟ ಷರತ್ತಿದು. ಮಾಲು, ವೈರಿಲ್ಲದ ಮನೆ ಅಲಾರಂ: ಗೋಡೆಗೊಂದು ಪ್ಯಾನೆಲ್, ಬಾಗಿಲಿಗೊಂದು ಸೆನ್ಸರ್. ಬಾಗಿಲು ತೆರೆದದ್ದೇ ಸೆನ್ಸರ್ ಹೇಳುತ್ತದೆ, ಪ್ಯಾನೆಲ್ ಕೂಗುತ್ತದೆ. ಈ ಸುತ್ತಿನ ಮನೆಗಳಿಗೆ ಹಿಂದೆ ಬೇರೆ ಕಂಪನಿಯದನ್ನು ನಾನೇ ಹಾಕಿಕೊಟ್ಟಿದ್ದೆ. ಆ ಕಂಪನಿ ಮುಚ್ಚಿತು, ಪ್ಯಾನೆಲ್‌ಗಳು ಕೆಟ್ಟವು, ಸೆನ್ಸರ್‌ಗಳು ಮಾತ್ರ ಗಟ್ಟಿಯಾಗಿವೆ. ಹಳೆ ಸೆನ್ಸರಿಗೆ ಹೊಸ ಪ್ಯಾನೆಲ್ ಹೊಂದಿದರೆ ವ್ಯಾಪಾರ. ಹೊಂದದಿದ್ದರೆ ಇಪ್ಪತ್ತೂ ನನ್ನ ಗೋಡೌನಿಗೆ ಅಲಂಕಾರ. ಮೊದಲು ಮೂರು ಸ್ಯಾಂಪಲ್ ಕೊಡಿ ಅಂದೆ, ತಂದು ಮೂರು ಊರಿನ ಹಳೆ ಗಿರಾಕಿಗಳ ಮನೆಗೆ ಹಾಕಿದೆ. ಪರೀಕ್ಷೆ ನಾನು ಮಾಡುತ್ತೇನೆ ಅಂದುಕೊಂಡಿದ್ದೆ. ಈ ದಂಧೆಯಲ್ಲಿ ಯಾವಾಗಲೂ ಆಗುವ ಹಾಗೆ, ಮಾಡಿದವರು ಗಿರಾಕಿಗಳು.

ಬಿಳಿಕೆರೆಯ ಬಾಗಿಲು

ದಿನಸಿ ಅಂಗಡಿಯವರು ಫೋನ್ ಮಾಡಿದರು. ಮನೆಯ ಪ್ಯಾನೆಲನ್ನು ಸಂಜೆ ತಾನೇ ಚಾಲೂ ಆಗುವಂತೆ ಇಟ್ಟಿದ್ದರಂತೆ. ಅದು ಮಾತ್ರ ದಿನಾ ಕೀಂ ಕೀಂ ಅಂದು ನಿಂತುಬಿಡುತ್ತದೆ, ಸೆನ್ಸರ್ ಹೊಂದುತ್ತಿಲ್ಲ ಅಂತ ದೂರು. ಹೋಗಿ ಸಂಜೆವರೆಗೆ ಕೂತೆ. ಮನೆಯಮ್ಮ ದೇವರಿಗೆ ದೀಪ ಹಚ್ಚಿದರು, ಬಂದು ಮುಂಬಾಗಿಲನ್ನು ಅಗಲಕ್ಕೆ ತೆರೆದಿಟ್ಟರು. ಬಾಗಿಲು ತೆರೆದಿದ್ದರೆ ಅದು ಚಾಲೂ ಆಗುವುದಿಲ್ಲ, ಮುಚ್ಚಿ ತಾಯಿ ಅಂದೆ. ದೀಪ ಹಚ್ಚುವ ಹೊತ್ತಿನಲ್ಲಿ ಲಕ್ಷ್ಮಿ ಬರುತ್ತಾಳೆ, ಮುಚ್ಚುವುದಿಲ್ಲ ಅಂದರು. ಅದೇ ಬಾಗಿಲಲ್ಲಿ ಕಳ್ಳನೂ ಬರಬಹುದಲ್ಲ ಅಂದೆ.

"ಲಕ್ಷ್ಮಿ ಬಂದ್ರೆ ತಾನೆ ಕಳ್ಳ ಬರಾದು? ಮೊದ್ಲು ಆಯಮ್ಮ ಬರ್ಲಿ ಬುಡಿ."

ಚಾಲೂ ಆಗುವ ಟೈಮನ್ನು ಮುಂದಕ್ಕೆ ಹಾಕಿ ಎದ್ದು ಬಂದೆ.

ಕಂಪಲಾಪುರದ ಕಣ್ಣು

ಇಲ್ಲಿ ಹೊಗೆಸೊಪ್ಪು ಬೆಳೆಯುವ ಗೌಡರು. ಸೊಪ್ಪನ್ನು ಮೂಟೆ ಮೂಟೆ ಬೇಲು ಕಟ್ಟಿಟ್ಟ ಕೋಣೆಯಲ್ಲಿ, ಆಳು ಓಡಾಡಿದರೆ ಗುರುತಿಸುವ ಹಳೆ ಸೆನ್ಸರ್ ಇತ್ತು. ಹೊಸ ಪ್ಯಾನೆಲಿಗೆ ಚೆನ್ನಾಗಿಯೇ ಹೊಂದಿತು. ಆಯುಧಪೂಜೆ ಮುಗಿದದ್ದೇ ಮೂಕಾಯಿತು. ಗೌಡರು ಎದುರಿಗೆ ಕುಣಿದರೂ ಸದ್ದಿಲ್ಲವಂತೆ. ಏಣಿ ಹತ್ತಿ ನೋಡಿದೆ: ಅದರ ಕಣ್ಣಿನ ಮೇಲೇ ದಪ್ಪಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಹೀಗೆ ಬಳಿದರೆ ಅದಕ್ಕೆ ಹೇಗೆ ಕಾಣಬೇಕು ಗೌಡ್ರೆ ಅಂದೆ.

"ಟ್ರ್ಯಾಕ್ಟ್ರಿಗೂ ಇಕ್ಕಿವ್ನಿ. ಅದು ಓಡ್ತಾ ಇಲ್ವಾ?"

ಒರೆಸಿದೆ. ಗೌಡರು ಒಂದು ಹೆಜ್ಜೆ ಇಟ್ಟರು, ಸೈರನ್ ಕೂಗಿತು. ಕೈ ಮುಗಿದು, "ನೋಡುದ್ರಾ, ಪೂಜೆ ಪಲ ಕೊಡ್ತು" ಅಂದರು.

ಭೇರ್ಯದ ಅಣ್ಣ ತಮ್ಮ

ಒಂದೇ ಮನೆ, ನಡುವೆ ಗೋಡೆ. ಪಾಲಾದಾಗಿನಿಂದ ಇಬ್ಬರಿಗೂ ಮಾತಿಲ್ಲ. ಅಣ್ಣನ ಕೊಟ್ಟಿಗೆ ಬಾಗಿಲಿಗೂ ತಮ್ಮನ ಹಿತ್ತಿಲ ಬಾಗಿಲಿಗೂ ನಾನು ಹಾಕಿದ ಹಳೆ ಸೆನ್ಸರ್. ಹೊಸ ಪ್ಯಾನೆಲ್ ತಮ್ಮನ ಮನೆಗೆ ಹಾಕಿದೆ. ಗುಂಡಿ ಒತ್ತಿದ ಮೇಲೆ ಮೊದಲು ಯಾವ ಬಾಗಿಲು ತೆರೆಯುತ್ತದೋ ಅದನ್ನು ಪ್ಯಾನೆಲ್ ತನ್ನದೆಂದು ಬರೆದುಕೊಳ್ಳುತ್ತದೆ. ತಮ್ಮ ಹೋಗಿ ತನ್ನ ಹಿತ್ತಿಲ ಬಾಗಿಲು ತೆರೆಯುವಷ್ಟರಲ್ಲಿ, ಗೋಡೆಯಾಚೆ ಅಣ್ಣ ಹಾಲು ಕರೆಯಲು ಕೊಟ್ಟಿಗೆ ಬಾಗಿಲು ತೆಗೆದಿದ್ದ. ಪ್ಯಾನೆಲ್ ಹಸಿರು ದೀಪ ತೋರಿಸಿತು. ನಾನು ಖುಷಿಯಾಗಿ ಬಂದೆ.

ಮಾರನೆ ಬೆಳಗ್ಗೆ ಸೈರನ್. ತಮ್ಮ ದೊಣ್ಣೆ ಹಿಡಿದು ಓಡಿದರೆ ಎದುರಿಗೆ ಚೊಂಬು ಹಿಡಿದ ಅಣ್ಣ. ಇಬ್ಬರೂ ಮುಖ ತಿರುಗಿಸಿದರು. ಮರುದಿನವೂ ಅದೇ. ಆಮೇಲೊಂದು ದಿನ ತಮ್ಮ ತಡೆಯಲಾರದೆ "ನೀನೇನಾ?" ಅಂದ. "ಇನ್ಯಾರ್ಲಾ ಬತ್ತಾರೆ?" ಅಂದ ಅಣ್ಣ.

ದೂರು ಬಂದು ನಾನು ಹೋಗುವ ಹೊತ್ತಿಗೆ ಅಣ್ಣ ತಮ್ಮನ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ತಪ್ಪು ತಿಳಿಯಿತು, ಕೊಟ್ಟಿಗೆ ಬಾಗಿಲನ್ನು ಪ್ಯಾನೆಲಿನಿಂದ ಅಳಿಸಲು ಕೈ ಹಾಕಿದೆ. ಅಣ್ಣ ತಡೆದ.

"ಅದುನ್ನ ಮುಟ್ಬ್ಯಾಡಿ ಕಣ್ರೀ. ನನ್ ಕೊಟ್ಗೆನ ನನ್ ತಮ್ಮ ಅವನ್ ದುಡ್ನಲ್ಲಿ ಕಾಯ್ತಾವ್ನೆ."

ತಮ್ಮನ ಹಿತ್ತಿಲ ಬಾಗಿಲನ್ನೂ ಸೇರಿಸಿಕೊಟ್ಟು, ಅದೇ ವಾರ ಇಪ್ಪತ್ತೂ ಎತ್ತಿದೆ. ಕೋಟೆ ಕಡೆಯವರೂ ಕೇಳಿಕೊಂಡು ಬಂದರು. ಕೈಗೆ ಬಂದದ್ದು ನಾಲ್ಕು ತಾಲ್ಲೂಕಿನ ಏಜೆನ್ಸಿ, ಹತ್ತೊಂಬತ್ತು ಪ್ಯಾನೆಲಿನ ಲಾಭ. ಇಪ್ಪತ್ತನೆಯದನ್ನು ಭೇರ್ಯದ ಆ ಅಣ್ಣನಿಗೆಂದು ಎತ್ತಿಟ್ಟಿದ್ದೆ, ಅದು ಇನ್ನೂ ಅಂಗಡಿಯಲ್ಲೇ ಇದೆ.