ಮಾವ ಅರ್ಧಕ್ಕೇ ಎದ್ದುಬಂದ ತೆಲುಗು ಸಿನಿಮಾ

ನನ್ನ ಸೋದರಮಾವನಷ್ಟು ಶ್ರದ್ಧೆಯಿಂದ ಚಿಂತೆ ಮಾಡುವವರು ಇಡೀ ಅಂಕೋಲೆ ತಾಲೂಕಿನಲ್ಲಿ ಸಿಗಲಾರರು. ಬಸ್ಸು ತಡವಾದರೆ ಎಲ್ಲೋ ಗುದ್ದಿರಬೇಕೆಂಬ ಚಿಂತೆ. ಹೊತ್ತಿಗೆ ಸರಿಯಾಗಿ ಬಂದರೆ, ಡ್ರೈವರ್ ಇಷ್ಟು ಜೋರು ಯಾಕೆ ಓಡಿಸಿದ ಎಂಬ ಚಿಂತೆ. ಮೀನುಸಾರು ರುಚಿಯಾದರೂ, "ನಾಳೆ ಹೀಂಗೇ ಆಗ್ತದೆ ಹೇಳಿ ಎಂತ ಗ್ಯಾರಂಟಿ?" ಎನ್ನುವವರು. ಇಂಥವರನ್ನು ಯಾರಾದರೂ ಸಿನಿಮಾಕ್ಕೆ ಕರೆದೊಯ್ಯುತ್ತಾರೆಯೇ? ನಾವು ಕರೆದೊಯ್ದೆವು.

ಕಾರವಾರದಲ್ಲಿ ನೌಕಾನೆಲೆಯ ಕೆಲಸ ನಡೆದಿದ್ದ ಕಾಲ. ಅಲ್ಲಿಗೆ ಬಂದಿದ್ದ ಆಂಧ್ರದವರಿಗಾಗಿ ಟಾಕೀಸಿನವರು ಒಂದು ತೆಲುಗು ಸಿನಿಮಾ ತಂದಿದ್ದರು. ಕಾರವಾರದ ಆಫೀಸೊಂದರಲ್ಲಿದ್ದ ಮಾವನ ಮಗಳು ವೀಣಾ, "ನಗೂ ಸಿನಿಮಾ ಅಪ್ಪಾ, ಬಾ" ಎಂದು ಹಟ ಹಿಡಿದಳು. ಮರುದಿನ ಅವಳನ್ನು ನೋಡಲು ಸುಂಕಸಾಳದಿಂದ ಗಂಡಿನವರು ಬರುವವರಿದ್ದರು. ಮಾವ ಮಾತು ಕೊಟ್ಟಾಗಿತ್ತು.

ಪರದೆಯ ಮೇಲಿನ ಹುಡುಗಿಗೆ ಒಬ್ಬನ ಮೇಲೆ ಮನಸ್ಸು. ಅಪ್ಪ ಒಪ್ಪಿಕೊಂಡಿದ್ದು ಇನ್ನೊಬ್ಬನನ್ನು. ಪ್ರಿಯಕರ ಅಡುಗೆಭಟ್ಟನ ವೇಷದಲ್ಲಿ ಮದುವೆಮನೆ ಹೊಕ್ಕ. ಟಾಕೀಸಿಗೆ ಟಾಕೀಸೇ ನಗುತ್ತಿದ್ದರೆ ಮಾವ ಬೆವರುತ್ತಿದ್ದರು. ಪಕ್ಕದ ಆಂಧ್ರದವನ ತೋಳು ಹಿಡಿದು, ಬರುವಷ್ಟು ಹಿಂದಿಯಲ್ಲಿ ಪ್ರತಿ ಮಾತಿಗೂ ಅರ್ಥ ಕೇಳಿದರು. ಆ ಪುಣ್ಯಾತ್ಮ ತೋಳು ಬಿಡಿಸಿಕೊಂಡು ಬೇರೆ ಸೀಟಿಗೆ ಹೋದ. ಇಂಟರ್ವಲ್ಲಿಗೆ ಹೊರಬಿದ್ದ ಮಾವ ಮತ್ತೆ ಒಳಗೆ ಬರಲೊಲ್ಲರು.

"ಆ ಹುಡ್ಗಿ ಅಪ್ಪನ ಹತ್ರ ಬಾಯ್ಬಿಟ್ಟು ಹೇಳೂಕೆ ಎಂತ ಆಗ್ತದೆ? ನಂಗೆ ನೋಡೂಕೆ ಆಗೂದಿಲ್ಲ."

"ಹೇಳಿದ್ರೆ ಅಪ್ಪ ಕೇಳ್ತ್ನಾ?" ಎಂದಳು ವೀಣಾ.

"ಕೇಳ್ದೇ ಇರ್ತ್ನಾ? ಮಗಳಲ್ದಾ?"

ಅಲ್ಲೇ, ಶೇಂಗಾ ಗಾಡಿಯ ಎದುರು, ತನಗೂ ಒಬ್ಬನ ಮೇಲೆ ಮನಸ್ಸಿದೆ ಎಂದು ವೀಣಾ ಹೇಳಿಬಿಟ್ಟಳು. ಅವಳ ಆಫೀಸಿನವನೇ, ಕಾರವಾರದ ಹುಡುಗ, ಮನೆಯಲ್ಲಿ ಕೊಂಕಣಿ ಮಾತಾಡುವವರು. "ನಾಳೆ ಅವ್ರ ಎದ್ರಿಗೆ ನಾ ಕೂರೂದಿಲ್ಲ ಅಪ್ಪಾ."

ಮಾವ ನೇರ ಬಸ್‌ಸ್ಟ್ಯಾಂಡಿನತ್ತ ನಡೆದರು. ಊರಿಗೆ ಮರಳುವ ಬಸ್ಸು ಅವರ್ಸಾ ದಾಟಿದರೂ ತುಟಿ ಬಿಚ್ಚಲಿಲ್ಲ. ಉಸಿರಾಡಿದಷ್ಟು ಸಲೀಸಾಗಿ ಚಿಂತೆಯನ್ನು ಹೊರಗೆ ಬಿಡುವ ಮನುಷ್ಯ ಸುಮ್ಮನಾದರೆ ಹೆದರದೆ ಇರುವುದು ಹೇಗೆ?

ಬೆಳಿಗ್ಗೆ ಮಾವ ಬಾಗಿಲಲ್ಲಿ ನಿಂತು ನನ್ನನ್ನು ಕರೆದರು. "ನಾವಿಬ್ರೂ ಸುಂಕಸಾಳಕ್ಕೆ ಹೋಗಿ ಬರ್ವ. ಫೋನಲ್ಲಿ ಹೇಳಿದ್ರೆ ಅವ್ರಿಗೆ ಅವಮಾನ."

ದಾರಿಯುದ್ದಕ್ಕೂ ಅವರ ಹಳೆಯ ಚಾಳಿ ಮರಳಿತ್ತು.

"ಹೊಡೀತ್ರೇನಾ?"

"ಇಲ್ಲ ಮಾವ."

"ಬಯ್ತ್ರಾ?"

"ಬಯ್ಬಹುದು."

"ಬಯ್ಲಿ," ಎಂದು ಕಿಟಕಿಯತ್ತ ತಿರುಗಿದರು.

ಅಲ್ಲಿ ಗಂಡಿನ ತಂದೆ ಹೊಸ ಅಂಗಿ ತೊಟ್ಟು ಹೊರಡಲು ಸಿದ್ಧರಾಗಿದ್ದರು. ಮಾವ ಕೂರಲಿಲ್ಲ, ಅಂಗಳದಲ್ಲೇ ಕೈ ಮುಗಿದರು. "ನನ್ ಮಗ್ಳಿಗೆ ಎಂತದೂ ಹೇಳ್ಬೇಡಿ. ಅವಳ್ನ ಕೇಳದೇ ಮಾತು ಕೊಟ್ಟವ ನಾನು." ಅವರು ಬೈದರು. ಬೈಯುವುದು ನ್ಯಾಯವೇ ಆಗಿತ್ತು. ಮಾವ ತಲೆ ತಗ್ಗಿಸಿ ಕೊನೆಯವರೆಗೂ ಕೇಳಿಸಿಕೊಂಡರು. ಬೈದು ಮುಗಿದ ಮೇಲೆ ಗಂಡಿನ ತಾಯಿ ಚಾ ತಂದುಕೊಟ್ಟರು. ಮತ್ತೆ ಕೈ ಮುಗಿಯಲು ಹೋಗಿ ಮಾವ ಅದನ್ನು ಅರ್ಧ ಅಂಗಿಯ ಮೇಲೇ ಚೆಲ್ಲಿಕೊಂಡರು.

ವಾಪಸು ಬರುವಾಗ ಅವರ ತುಟಿ ಒಂದೇ ಸಮನೆ ಅಲುಗುತ್ತಿತ್ತು. ಬಿ.ಪಿ. ಏರಿತೇನೋ ಎಂದು ಗಾಬರಿಯಾಗಿ ಕಿವಿಗೊಟ್ಟೆ.

"ಯೆಯಾ, ಬಸಾ... ಯೆಯಾ, ಬಸಾ..."

"ಎಂತ ಮಾವ ಅದು?"

"ಕೊಂಕಣಿ. ಆ ಹುಡ್ಗನ ಮನೆಯವ್ರು ಬಂದ್ರೆ 'ಬನ್ನಿ, ಕೂತ್ಕಳಿ' ಹೇಳ್ಬೇಕಲ್ದಾ?" ಎಂದವರು ನನ್ನ ಕೈ ಹಿಡಿದುಕೊಂಡರು. "ಇದು ಸಾಕಾ? ಇನ್ನೂ ಸ್ವಲ್ಪ ಮರ್ಯಾದೆಯಿಂದ ಹೇಳೂಕೆ ಬೇರೆ ಮಾತು ಏನಾದ್ರೂ ಅದ್ಯನಾ?"