ಕೈಯಿಂದ ಕಿವಿಗೆ ಎಷ್ಟು ದೂರ

ನಾನು ಓದಿದ್ದು ಮೂರನೇ ಕ್ಲಾಸು. ಆಮೇಲೆ ಬರೆದದ್ದೆಂದರೆ ಹಾಲಿನ ಡೈರಿಯಲ್ಲಿ ರುಜು, ಅಷ್ಟೇ. ಈಗ ಇದನ್ನು ಬರೆಯುತ್ತಿರುವುದು ಯಾರನ್ನೋ ಉದ್ಧಾರ ಮಾಡಲಿಕ್ಕಲ್ಲ. ದಿನಕ್ಕೊಂದು ಪುಟ ಬರೆದರೆ ಬೆರಳುಗಳು ಸಡಿಲವಾಗುತ್ತವೆ ಎಂದು ತಿಪಟೂರಿನ ಆಸ್ಪತ್ರೆಯ ವ್ಯಾಯಾಮದ ಹುಡುಗಿ ಅಪ್ಪಣೆ ಮಾಡಿದ್ದಾಳೆ. ದೇವರ ನಾಮ ಬರೆಯಿರಿ ಎಂದಳು. ಬಿದ್ದಾಗ ಹಿಡಿದುಕೊಳ್ಳದ ದೇವರ ನಾಮ ನಾನೇಕೆ ಬರೆಯಲಿ?

ಬಿದ್ದದ್ದಾದರೂ ಎಲ್ಲಿ? ಅಟ್ಟದ ಏಣಿಯಿಂದ ಎಂದು ಹೇಳಿಕೊಂಡಿದ್ದರೆ ಒಂದಿಷ್ಟು ಮರ್ಯಾದೆಯಾದರೂ ಉಳಿಯುತ್ತಿತ್ತು. ಹುಟ್ಟಿದಾಗಿನಿಂದ ತೆಂಗಿನ ತೋಟದಲ್ಲೇ ಓಡಾಡಿದವಳು, ದೀಪಾವಳಿಗೆ ಮುಂಚೆ, ಹಾಡುಹಗಲು, ಸಪಾಟು ಅಂಗಳದಲ್ಲಿ ಒದ್ದೆ ಗರಿಯ ಮೇಲೆ ಕಾಲಿಟ್ಟು ಜಾರಿದೆ. ಬಲಮೊಣಕೈ ಮೂರು ಚೂರು. ಆಪರೇಷನ್ ಮಾಡಿ, ತಗಡು ಇಟ್ಟು, ಸ್ಕ್ರೂ ಬಿಗಿದು ಹೊಲಿದರು.

ಅಲ್ಲಿಂದ ಶುರುವಾಯಿತು ನೋಡಲು ಬರುವವರ ಕಾಟ. ಕಿತ್ತಳೆ ಹಣ್ಣು ಹಿಡಿದು ಬಂದವರೆಲ್ಲ ಡಾಕ್ಟರೇ. ಹುಳಿಯಾರಿನ ನಮ್ಮ ಬೀಗಿತ್ತಿ, "ಸೊಪ್ಪು ಕಟ್ಟಿಸ್ಬೇಕಿತ್ತು ಕಣಕ್ಕ, ಕುಯ್ಯಕ್ಕೆ ಯಾಕೆ ಕೊಟ್ಟೆ?" ಎಂದಳು. "ಒಳಗೆ ಸ್ಕ್ರೂ ಐತೆ ಕಣೇ, ಸೊಪ್ಪು ಕಟ್ಟಿದ್ರೆ ತುಕ್ಕು ಹಿಡಿಯಲ್ವಾ?" ಎಂದೆ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದಳು. ಹಣ್ಣು ಮಾತ್ರ ಇಟ್ಟುಹೋದಳು, ಅದೂ ಹುಳಿ. ಒಬ್ಬರು ಎಣ್ಣೆ ಹಾಕಿ ನೀವಿಸು ಎಂದರು, ಇನ್ನೊಬ್ಬರು ಹುರುಳಿ ಕಾವು ಕೊಡು ಎಂದರು. ಎಲ್ಲರೂ ಒಪ್ಪಿದ್ದು ಒಂದೇ ಮಾತನ್ನು: ಕೈ ಅಲ್ಲಾಡಿಸಬೇಡ. ಜನ್ಮದಲ್ಲಿ ಯಾರ ಮಾತನ್ನೂ ಕೇಳದ ನಾನು ಅದೊಂದನ್ನು ಕೇಳಿದೆ. ದಿನಾ ಬಿಚ್ಚಿ ಮಡಿಸಬೇಕು ಎಂದು ಡಾಕ್ಟರು ಹೇಳಿದ್ದನ್ನು ಬದಿಗಿಟ್ಟು, ಕೈಯನ್ನು ಕೂಸಿನ ಹಾಗೆ ಜೋಲಿಯಲ್ಲಿ ಹಾಕಿಕೊಂಡು ಒಂದು ತಿಂಗಳು ತೂಗಿದೆ. ಕೂಸು ಮರಗಟ್ಟಿತು.

ಮರಗಟ್ಟಿದರೆ ಏನಂತೆ, ಈ ವಯಸ್ಸಿನಲ್ಲಿ ಕೈಗೇನು ಕೆಲಸ ಎನ್ನಬಹುದು. ಆದರೆ ನಮ್ಮ ಮನೆಯ ಅಟ್ಟವೇ ಆ ಕೈಗಾಗಿ ಕಾಯುತ್ತಿತ್ತು. ನಮ್ಮ ಕಡೆ ಕಿತ್ತ ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ವರ್ಷದ ತನಕ ಬಿಡುತ್ತೇವೆ. ಒಳಗಿನ ನೀರು ಆರಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎಂದಾಗ ಕೊಬ್ಬರಿಯಾಯಿತು ಎಂದು ಲೆಕ್ಕ. ಅವಸರ ಪಟ್ಟು ಒಡೆದರೆ ಬೂಷ್ಟು. ಆ ಗಡಗಡ ಕೇಳಿ "ಇಳಿಸಿ" ಎನ್ನುವವಳು ನಾನು. ಅತ್ತೆ ಸಾಯುವ ಮುಂಚೆ ನನಗೆ ಕೊಟ್ಟುಹೋದದ್ದು ಅದೊಂದೇ ಅಧಿಕಾರ, ಚಿನ್ನವನ್ನೆಲ್ಲ ಮಗಳಿಗೆ ಕೊಟ್ಟರು. ಮೊದಲ ಕಾಯನ್ನು ಬಲಗೈಯಲ್ಲೇ ಹಿಡಿದು ಬಲಗಿವಿಗೇ ಇಟ್ಟು, ಎಡಗಿವಿ ಮುಚ್ಚಿಕೊಂಡು ನೋಡಬೇಕು. ಕಾಯಿಗೆ ಎಡಗೈ ಹಾಕಿದರೆ ಅತ್ತೆ ಸಮಾಧಿಯಿಂದ ಎದ್ದು ಬರುತ್ತಾರೆ. ನನ್ನ ಕೈ ಸೊಂಟದ ತನಕವೂ ಏಳದ್ದನ್ನು ಕಂಡು ಓರಗಿತ್ತಿ ಶಾಂತಮ್ಮ, ಅಂದರೆ ನನ್ನ ಮೈದುನನ ಹೆಂಡತಿ, ಬಳಿಗೆ ಬಂದು ಬೆನ್ನು ಸವರಿದಳು.

"ಈ ಸಲ ನಾನೇ ಕಿವಿಗಿಟ್ಟು ನೋಡ್ತೀನಿ ಬುಡಕ್ಕ. ನೋವಲ್ಲಿ ನಿಂಗ್ಯಾಕೆ ತೊಂದ್ರೆ?"

ಮೂವತ್ತು ವರ್ಷದಿಂದ ಕಾದು ಕುಳಿತಿದ್ದ ಕರುಣೆ ಅದು. ಮಾರನೆಯ ದಿನವೇ ದಬ್ಬೇಘಟ್ಟದಲ್ಲಿ ತಿಪಟೂರಿನ ಬಸ್ಸು ಹತ್ತಿದೆ.

ವ್ಯಾಯಾಮದ ಹುಡುಗಿ ನನ್ನ ಬಲಗಡೆ ಕೂತು, ಕೈಗೆ ಪ್ಲಾಸ್ಟಿಕ್ ಅಳತೆಪಟ್ಟಿ ಹಿಡಿದು, ಬಾಯೊಳಗೇ ಏನೇನೋ ಗೊಣಗುತ್ತಿದ್ದಳು. ಈಗಿನ ಮಕ್ಕಳಿಗೆ ಎಲ್ಲ ಓದಿಸುತ್ತಾರೆ, ಬಾಯಿಬಿಟ್ಟು ಮಾತಾಡುವುದನ್ನು ಮಾತ್ರ ಕಲಿಸುವುದಿಲ್ಲ. ಪ್ರತಿ ಮಾತನ್ನೂ ಮೂರು ಸಲ ಕೇಳಬೇಕು.

"ಅನ್ನ ಬಾಯಿಗೆ ಹೋದ್ರೆ ಸಾಕಲ್ವಾ ಅಜ್ಜಿ?" ಎಂದಳು, ಮೂರನೇ ಸಲ.

"ಬಾಯಿಗೆ ಚಮಚ ಐತೆ. ನಂಗೆ ಕಿವಿಗೆ ಹೋಗ್ಬೇಕು."

"ಓಲೆ ಹಾಕ್ಕೊಳ್ಳೋಕಾ?"

"ಯಾರ ಮದ್ವೆಗೆ? ತೆಂಗಿನಕಾಯಿ ಇಟ್ಕೊಳ್ಳೋಕೆ ಕಣಮ್ಮ."

ತಲೆಗೂ ಪೆಟ್ಟು ಬಿದ್ದಿತ್ತೇ ಎಂದು ಅವಳು ಆಸ್ಪತ್ರೆಯ ಚೀಟಿ ತಿರುಗಿಸಿ ನೋಡಿದಳು.

ಕೊಟ್ಟ ಕೆಲಸವಾದರೂ ಎಂಥದ್ದು? ಗೋಡೆಯ ಮೇಲೆ ಬೆರಳು ನಡೆಸುವುದು, ಕೋಲು ಹಿಡಿದು ಎತ್ತುವುದು, ಹಳದಿ ಚೆಂಡು ಹಿಸುಕುವುದು. ಕೊಟ್ಟಿಗೆ ಬಾಚಿದ ಕೈಗೆ ಚೆಂಡು! ನಗು ಬಂತು. ಹಿಸುಕಿದೆ, ಕಣ್ಣಲ್ಲಿ ನೀರೂ ಬಂತು. ಕೈ ಮೇಲೆ ಬರದಿದ್ದಾಗ ತಲೆಯನ್ನೇ ಕೆಳಗೆ ತಂದೆ. "ಕತ್ತು ಬಗ್ಗಿಸಿ ಮೋಸ ಮಾಡ್ಬೇಡಿ ಅಜ್ಜಿ!" ಎಂದು ಅವಳು ಕಿರುಚಿದ್ದು ಮಾತ್ರ ಒಂದೇ ಸಲಕ್ಕೆ ಕೇಳಿಸಿತು. ಅವಳ ಪಟ್ಟಿಯ ಲೆಕ್ಕ ನನಗೆ ಬೇಕಿರಲಿಲ್ಲ. ಸಂಕ್ರಾಂತಿಗೆ ಸೊಂಟ, ಶಿವರಾತ್ರಿಗೆ ಎದೆ, ಯುಗಾದಿಗೆ ಗದ್ದ. ನನ್ನ ಅಳತೆ ಅಷ್ಟೇ.

ಯುಗಾದಿ ಕಳೆದು ಅಟ್ಟ ನೋಡುವ ದಿನ ಬಂತು. ನಾನು ಸೋಲುವುದನ್ನು ನೋಡಲು ಶಾಂತಮ್ಮ ಮುಖ ತೊಳೆದು ವಿಭೂತಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಬಲಗೈಗೆ ಕಾಯಿ ತೆಗೆದುಕೊಂಡೆ. ಗದ್ದದ ತನಕ ಸಲೀಸು. ಅಲ್ಲಿಂದ ಮೇಲಕ್ಕೆ ಒಳಗಿನ ತಗಡು ಬೈಯತೊಡಗಿತು. ನಾನೂ ಬೈದೆ. ಕತ್ತು ಮಾತ್ರ ಬಗ್ಗಿಸಲಿಲ್ಲ. ಕಾಯಿ ಕಿವಿಗೆ ತಾಗಿತು. ಎಡಗೈ ಬೆರಳಿಂದ ಎಡಗಿವಿ ಮುಚ್ಚಿಕೊಂಡೆ. ಅಲ್ಲಾಡಿಸಿದೆ.

ಏನೂ ಇಲ್ಲ. ಇನ್ನೂ ಹಸಿ ಎನ್ನಲು ಬಾಯಿ ತೆರೆದೆ.

"ಅಯ್ಯೋ, ಗಡಗಡ ಅಂತೈತಲ್ಲಕ್ಕ!" ಶಾಂತಮ್ಮ ಬಾಗಿಲಿಂದಲೇ ಕೂಗಿದಳು. "ಇಲ್ಲಿಗೇ ಕೇಳ್ತೈತೆ!"

ಮತ್ತೆ ಅಲ್ಲಾಡಿಸಿದೆ. ಕಿವಿಗೆ ಕಲ್ಲು ಇಟ್ಟ ಹಾಗೆ, ಸದ್ದೇ ಇಲ್ಲ. ಆದರೆ ಅಂಗೈಗೆ ತಿರುಳು ಟಕಟಕ ಬಡಿಯಿತು, ಪ್ರತಿ ವರ್ಷ ಬಡಿಯುವ ಹಾಗೇ. ಆಗ ಹೊಳೆಯಿತು. ನನ್ನ ಬಲಗಿವಿ ಯಾವ ಕಾಲದಲ್ಲೋ ಸತ್ತಿದೆ. ಇಷ್ಟು ವರ್ಷವೂ ನನಗೆ ಹೇಳುತ್ತಿದ್ದದ್ದು ಅಂಗೈ. ಸಂಕ್ರಾಂತಿಯ ಕೈಯೇ ಸಾಕಿತ್ತು, ಸೊಂಟದ ಹತ್ತಿರ ಹಿಡಿದು ಅಲ್ಲಾಡಿಸಿದ್ದರೂ ತಿಳಿಯುತ್ತಿತ್ತು. ಆ ಚೆಂಡು, ಆ ಕೋಲು, ಆ ಬಸ್ಸಿನ ನೂಕಾಟ, ಎಲ್ಲ ಒಂದು ಸತ್ತ ಕಿವಿಯ ಬಾಗಿಲು ತಟ್ಟುವುದಕ್ಕೆ!

"ನಂಗೇ ಕೇಳಿಸ್ತೈತೆ ಕಣೇ, ನೀ ಹೇಳ್ಬೇಕಾ?" ಎಂದೆ. "ಇಳಿಸಿ."

ಶಾಂತಮ್ಮನ ಮುಖ ಹುಳಿಯಾರಿನ ಕಿತ್ತಳೆಯಾಯಿತು.

ಮುಂದಿನ ಸಲ ತಿಪಟೂರಿನಲ್ಲಿ ಕುರ್ಚಿಯನ್ನು ಓರೆಯಾಗಿ ಎಳೆದುಕೊಂಡು, ಹುಡುಗಿಯ ಕಡೆಗೆ ಎಡಗಿವಿ ಕೊಟ್ಟು ಕೂತೆ. ಅಷ್ಟು ದಿನ ಗೊಣಗುತ್ತಿದ್ದವಳು ಅಂದು ಗಂಟೆ ಹೊಡೆದ ಹಾಗೆ ಮಾತಾಡಿದಳು. ನಾನೇನು ಗುಣ ಕಾಣದವಳಲ್ಲ.

"ಪರವಾಗಿಲ್ಲ ಕಣಮ್ಮ," ಎಂದೆ, "ನನ್ ಹತ್ರ ಬೈಸ್ಕೊಂಡು ನೀನೂ ಬಾಯ್ಬಿಟ್ಟು ಮಾತಾಡೋದು ಕಲ್ತೆ."